ಒಂದು ಪದದಲ್ಲಿ ಹೇಳಿರಿ

ಪುಸ್ತಕ ಮಾರಾಂವಗ, ಅದರಾಗೂ ಅಪರೂಪದ ಪುಸ್ತಕ ಮಾರಾಂವಗ
ಇಂಗ್ಲೀಷಿನಾಗ ಒಂದ ಪದದಾಗ ಏನಂತಾರ ಕಾಕಾ
ಅಂತ ಕೇಳಿದಳು ದಾನಮ್ಮ ಬಡಿಗೇರ.
ಇಂಡಿ ಬಸ್ಸಿನ ಧೂಳು ಇನ್ನೂ ಚಪ್ಪಲಿ ಮ್ಯಾಲಿತ್ತು.

ನೀರು ಕುಡದ ಗ್ರಾಮರ್ ಪುಸ್ತಕದ್ದು
ಒಂದೊಂದ ಹಾಳಿ ಬ್ಲೇಡಿನಿಂದ ಬಿಡಿಸಾಕತ್ತಿದ್ದೆ.
ಏನಂತಾರ? ರದ್ದಿ ಅಂತಾರ, ಅಂದೆ.
ಗಾಂಧಿ ಚೌಕದಿಂದ ಸ್ಟೇಷನ್ ತನಕಾ ಯಾರರ
ಏ ರದ್ದೀ ಅಂದ್ರ ಹೊಳ್ಳಿ ನೋಡಾಂವ ನಾನ.

ನಾಕು ಆಯ್ಕೆ ಕೊಟ್ಟಳು. ನಾಕೂ ಬಿಬ್ಲಿ ಬಿಬ್ಲಿ ಅಂತ ಸುರು,
ಒಂದ ತೊಟ್ಟಲದಾಗ ತೂಗಿದ ಕೂಸುಗಳಂಗ.
ಒಬ್ಬಾಂವ ಪುಸ್ತಕ ಕಂಡ್ರ ಜೀವಾ ಬಿಡಾಂವಂತ,
ಒಬ್ಬಾಂವ ಓದದನ ಒಟ್ಟಿಕೊಳ್ಳಾಂವಂತ,
ಒಬ್ಬಾಂವ ಅಂಗಿಯೊಳಗ ಸೇರಿಸಿ ಒಯ್ಯಾಂವಂತ.
ಈ ಮೂರೂ ಮಂದಿ ನನ್ನ ಗಿರಾಕಿಗಳವ್ವಾ,
ಮೂರನೇದಾಂವ ಸ್ವಾಮವಾರ ಬಂದಿದ್ದ.
ಉಳದಾಂವ ನೀವ, ಅಂದಳು. ಬಿಬ್ಲಿಯೋಪೋಲ್.

ಬಾಯಾಗ ಹಾಕೊಂಡು ನೋಡಿದೆ. ಹಲ್ಲಿಗೆ ಹತ್ತಲಿಲ್ಲ.
ಎಲ್ಲಿ ಬಳಸ್ತಾರ ಇದನ್ನ?
ಎಲ್ಲೂ ಇಲ್ಲ ಕಾಕಾ. ಪರೀಕ್ಷಾದಾಗ ಅಷ್ಟ.
ಖರೆ ಬರದ್ರ ಮಾರ್ಕು, ತಪ್ಪಿದ್ರ ಇದ್ದದ್ದರಾಗ ಕಳೀತಾರ.

ನಮ್ಮೂರಾಗ ಮಾರೂ ಮಂದಿಗೆ ಅಡ್ಡಹೆಸರು ಕಡಿಮಿಲ್ಲ.
ಅತ್ತರ ಮಾರಿದಾಂವ ಅತ್ತಾರ, ಹಣ್ಣು ಮಾರಿದಾಂವ ಬಾಗವಾನ,
ಹೂವಿಂದ ಹೂಗಾರ, ಬಳಿ ಇಟ್ಟವರು ಮಣಿಯಾರ.
ನಾ ರಜಾಕ ತಾಂಬೋಳಿ.
ನಮ್ಮಜ್ಜ ತಾಜ್ ಬಾವಡಿ ಹಂತೇಕ ಎಲಿ ಮಾರ್ತಿದ್ದ,
ಹಸಿ ಅರಿವ್ಯಾಗ ಸುತ್ತಿಟ್ಟು, ಮುಂಜಾನೆ ಸಂಜಿಕ ಹೊಳ್ಳಿಸಿ ಹೊಳ್ಳಿಸಿ,
ಕೊಳತ ಒಂದ ಎಲಿ ಪೂರಾ ಕಟ್ಟು ಕೆಡಿಸ್ತೈತಿ ಅಂತ.
ಎಲಿ ಹೋಗಿ ಹಾಳಿ ಬಂತು. ಹೆಸರು ಎಲಿದ ಉಳೀತು.
ಪುಸ್ತಕದಾಂವನ ಪಾಳಿ ಬರೂದರಾಗ
ಹೆಸರಿಡೂ ಮಂದಿ ಬಾಗಲಾ ಹಾಕ್ಕೊಂಡು ಹೋಗಿದ್ರು ಕಾಣತೈತಿ.

ಅಪರೂಪದ್ದಂತ!
ನನ್ನ ಅಂಗಡ್ಯಾಗ ಅಪರೂಪದ್ದು ಏನೈತಿ?
ಕಳೆದ ವರ್ಷದ ಪ್ರಶ್ನಿಪತ್ರಿಕಿ, ರಟ್ಟು ಹೋದ ಗೈಡು,
ಡಾಕ್ಟರಾಗದವರ ಡಾಕ್ಟರಿ ಪುಸ್ತಕ.

ನಂದ ಗೈಡು ಇದ್ರ ಕೊಡ್ರಿ, ಅಂದಳು ದಾನಮ್ಮ,
ಈಗ ಎರಡನೇ ಸಲ ಗಲ್ಲೇದ ಕಡೆ ನೋಡ್ಕೋತ.
ಅದು ಗೊತ್ತಿತ್ತು ನನಗ.
ಹೋದ ದಸರಾದಾಗ ಪಿ.ಎಸ್.ಐ. ಲಿಸ್ಟ್ ಬಿದ್ದ ಮರುದಿನ
ಎಂಬತ್ತು ರೂಪಾಯಿಗೆ ಹಾಕಿ ಹೋಗಿದ್ದಳು,
ಮೊದಲ ಹಾಳಿ ಮ್ಯಾಗಿನ ಹೆಸರು ತಾನ ಗೀಚಿ.
ಮೂರು ಮಂದಿ ಕೇಳಿದ್ರು. ಇಲ್ಲ ಅಂದಿದ್ದೆ.
ಯಾಕಂದೆ ಅಂತ ಕೇಳಬ್ಯಾಡ್ರಿ, ವ್ಯಾಪಾರಸ್ಥಗ ಶೋಭಾ ತರೂ ಮಾತಲ್ಲ ಅದು.

ನಿಚ್ಚಣಿಕಿ ಹಾಕಿ ಅಟ್ಟದಿಂದ ಇಳಿಸಿದೆ.
ಧೂಳಾ ಝಾಡಿಸಿ ಆಕಿನ ಬಿಚ್ಚಿದಳು,
ನೂರಾ ಹನ್ನೆರಡನೇ ಪುಟ, ಒಂದು ಪದದಲ್ಲಿ ಹೇಳಿರಿ.
ಬಿಬ್ಲಿಯೋಪೋಲಿನ ಮಗ್ಗಲಕ ಪೆನ್ಸಿಲ್ಲಿಲೆ
ನೆನಪಿಗಂತ ಕನ್ನಡದಾಗ ಬರಕೊಂಡಿದ್ದಳು:
ರಜಾಕ ಕಾಕಾ.

ಅಷ್ಟು ದಿನಾ ನನ್ನ ತಲಿಮ್ಯಾಲ ಇತ್ತು. ನಾ ತೆಗದು ನೋಡಿರಲಿಲ್ಲ.

ನೂರಾ ಇಪ್ಪತ್ತು, ಅಂದೆ.
ನಂದ ಪುಸ್ತಕ ಕಾಕಾ!
ನಿಂದ ಇರಬಹುದು, ಇಲಿಗೆ ಕೊಡದ ಕಾದಾಂವ ನಾನ.
ತೊಂಬತ್ತಕ್ಕ ಬಂತು. ಹತ್ತು ರೂಪಾಯಿ ಲಾಭಾ.
ಈ ಸಲ ಬರಕೋ, ತಪ್ಪಿಸಬ್ಯಾಡ, ಅಂದೆ.
ಮೂರನೇ ಸಲಾನೂ ಅದನ್ನ ಕೇಳ್ತಾರೇನ್ರಿ ಅಂದು ಬಸ್ಸಿಗೆ ಓಡಿದಳು.

ರಾತ್ರಿ ಜೈತೂನಗ ಹೇಳಿದೆ, ನನಗೊಂದು ಇಂಗ್ಲೀಷ್ ಹೆಸರೈತಿ ಅಂತ.
ಇನ್ನೊಮ್ಮೆ ಅನ್ರಿ, ಅಂದಳು. ಅಂದೆ.
ಬಿಬ್ಲಿ ನನಗ ತಿಳೀಲಿಲ್ಲ, ಪೋಲಿ ಖರೆ.
ರೊಟ್ಟಿ ತಟ್ಟೂದು ಬಿಟ್ಟು, ಕೈಯಾನ ಹಿಟ್ಟು ಕಣ್ಣಿಗೆ ಹೋಗೂವಂಗ ನಕ್ಕಳು,
ಇಪ್ಪತ್ತೆಂಟು ವರ್ಷ ಪೋಲಾದದ್ದೆಲ್ಲಾ ನಕ್ಕಳು.

ಮುಂಜಾನೆ ಇನ್ನೂ ಷಟರ್ ಪೂರಾ ಏರಿರಲಿಲ್ಲ.
ಏ ರದ್ದೀ, ಅಂತು ಬೀದಿ.
ಹೊಳ್ಳಿ ನೋಡಿದೆ.
ಹದಿನಾಲ್ಕು ಕಿಲೋ ಪೇಪರು, ಮ್ಯಾಲೊಂದು ಹರಕ ಡಿಕ್ಷನರಿ.
ಡಿಕ್ಷನರಿ ತಕ್ಕಡಿಗೆ ಹಾಕಲಿಲ್ಲ.