ಬೆರಳ ಲೆಕ್ಕ

ಗುರುವಾರ ಹತ್ತಕ್ಕೆ ಎಂದು ಹಲಗೆಯ ಮೇಲೆ ಬರೆದಿದೆ.
ಉಬ್ಬರಕ್ಕೆ ಓದು ಬರುವುದಿಲ್ಲ.
ಅದು ಬಂದಾಗಲೇ ನಮ್ಮ ದೋಣಿ ದಡ ಮುಟ್ಟುವುದು,
ಚಿಲಿಯ ದಕ್ಷಿಣಕ್ಕೆ, ನಕಾಶೆಯ ಮೇಲೆ ಯಾರೋ
ಅಕ್ಕಿ ಚೆಲ್ಲಿ ಬಾಚಲು ಮರೆತಂಥ ದ್ವೀಪಗಳ ನಡುವೆ.
ಆರುನೂರು ಪುಸ್ತಕ, ಒಂದು ಕಟ್ಟಿಗೆಯ ಒಲೆ,
ಎಂಜಿನ್ನನ್ನು ಬಯ್ಯುತ್ತಲೇ ನಡೆಸುವ ಎಲಾದಿಯೊ,
ಮತ್ತೆ ನಾನು, ಒತೀಲಿಯಾ.

ಮಕ್ಕಳು ಒದ್ದೆ ಬೂಟು ಕಳಚಿ
ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಬರುತ್ತಾರೆ.
ಆಮೇಲೆ ಇಡೀ ದಿನ
ರಾಜಕುಮಾರಿಯರಿಗೂ ರಾಕ್ಷಸರಿಗೂ
ಕುರಿಯ ವಾಸನೆ.

ಮೊದಲು ಪುಸ್ತಕದ ಬೆನ್ನಿಗೆ ಬಣ್ಣದ ಚುಕ್ಕೆ ಅಂಟಿಸುತ್ತಿದ್ದೆ:
ಹಳದಿ, ಈಗಷ್ಟೇ ಕೂಡಿಸಿ ಓದುವವರಿಗೆ;
ಹಸಿರು, ತಡವರಿಸದವರಿಗೆ; ನೀಲಿ ಅದಕ್ಕೂ ಮೇಲೆ.
ನಡೆದದ್ದು ಒಂದೇ ತಿಂಗಳು.
ಒಂಬತ್ತು ತುಂಬಿದ ಅನ್ಸೆಲ್ಮೊ
ಹಳದಿಯ ಮೇಲೆ ಹೆಬ್ಬೆರಳಿಟ್ಟು ಸಾಲಿನಲ್ಲಿ ನಿಂತಿದ್ದ,
ಗಾಯ ಮುಚ್ಚಿಕೊಂಡವನ ಹಾಗೆ.
ಅವತ್ತು ರಾತ್ರಿ ಬಿಸಿನೀರಲ್ಲಿ ಬಟ್ಟೆ ಅದ್ದಿ
ಆರುನೂರು ಚುಕ್ಕೆ ಕಿತ್ತೆ.
ಉಗುರ ಸಂದಿಯ ಅಂಟು ಭಾನುವಾರದ ತನಕ ಹೋಗಲಿಲ್ಲ.

ಈಗ ಬೆರಳ ಲೆಕ್ಕ.
ನಡುವಿನ ಒಂದು ಪುಟ ತೆರೆ. ಓದು, ಪಿಸುಗುಟ್ಟಿದರೂ ಸಾಕು.
ಗೊತ್ತಿಲ್ಲದ ಪದ ಸಿಕ್ಕಾಗೆಲ್ಲ ಒಂದು ಬೆರಳು ಮಡಚು.
ಒಂದೂ ಮಡಚದಿದ್ದರೆ ಅದು ದಿನದ ಗಂಜಿ,
ಬೇಕಿದ್ದರೆ ಕುಡಿ, ಹೊಟ್ಟೆಗೇನೂ ಕೇಡಿಲ್ಲ.
ಎರಡೋ ಮೂರೋ ಆದರೆ ಒಯ್ಯಿ, ಹಲ್ಲಿಗೆ ಕೆಲಸವಿದೆ.
ಐದೂ ಮಡಚಿ ಮುಷ್ಟಿಯಾಯಿತೋ,
ನೀನೂ ಪುಸ್ತಕವೂ ಜಗಳಕ್ಕೆ ನಿಂತಿದ್ದೀರಿ.
ಕಪಾಟಿಗೆ ಮರಳಿಸು. ಮುಂದಿನ ಚಳಿಗಾಲಕ್ಕೂ
ಅದು ಅಲ್ಲೇ ಇರುತ್ತದೆ, ನೀನು ಇಷ್ಟೇ ಇರುವುದಿಲ್ಲ.

ಐದು ಬೆರಳೂ ಸಮವಲ್ಲ ಅನ್ನುತ್ತಾರಲ್ಲ,
ಪದಗಳೂ ಹಾಗೇ.
'ಸಸ್ತನಿ'ಗೆ ಬೆರಳು ಮಡಚಿದ ಕೂಯೆನ್
'ಹಾರ್ಪೂನಿ'ಗೆ ಮಡಚಲಿಲ್ಲ:
ಅದು ಅವರ ಅಟ್ಟದ ಮೇಲೆ ತುಕ್ಕು ಹಿಡಿದು ಕೂತಿದೆ.

ಕೂಯೆನ್‌ಗೆ ಏಳು ವರ್ಷ.
ತಿಮಿಂಗಿಲದ ದಪ್ಪ ಪುಸ್ತಕವನ್ನು
ಕಂಕುಳ ಕೂಸಿನಂತೆ ಹೊತ್ತೊಯ್ಯುವುದು ಇದು ಮೂರನೇ ಸಲ.
'ಇಲ್ಲೇ ಓದು' ಅಂದೆ.
ಎರಡನೇ ಸಾಲಿಗೆ ಮುಷ್ಟಿ.
'ನೋಡು' ಅಂದೆ, ಆದಷ್ಟು ಮೆತ್ತಗೆ,
ಬಾತುಕೋಳಿಯ ತೆಳು ಪುಸ್ತಕ ಮುಂದೆ ಚಾಚಿ.
ಅವಳು ನೋಡಿದ್ದು ಬಾತುಕೋಳಿಯನ್ನಲ್ಲ, ನನ್ನನ್ನು,
ಚಿಲ್ಲರೆ ಕಡಿಮೆ ಕೊಟ್ಟ ಅಂಗಡಿಯವಳನ್ನು ನೋಡುವ ಹಾಗೆ.

'ಇದನ್ನು ಓದೋದು ನಾನು ಮತ್ತೆ ಅಜ್ಜ.
ಅಜ್ಜನಿಗೆ ಪದ ಗೊತ್ತು, ಅಕ್ಷರ ಕಾಣಿಸಲ್ಲ.
ನನಗೆ ಅಕ್ಷರ ಕಾಣುತ್ತೆ, ಪದ ಗೊತ್ತಿಲ್ಲ.'
ಸ್ವಲ್ಪ ತಡೆದು, ಮತ್ತೆ:
'ಅವನ ಬಲಗೈಗೆ ಮೂರೇ ಬೆರಳು. ಎರಡನ್ನ ಗರಗಸ ತಿಂದಿತು.
ಹಾಗಾದರೆ ಅವನು ಮೂರು ಪದಕ್ಕೇ ಸೋಲಬೇಕಾ?'

ಒಲೆಗೆ ಕಟ್ಟಿಗೆ ಹಾಕುವ ನೆಪದಲ್ಲಿ ಬಗ್ಗಿದೆ.
ಇಪ್ಪತ್ತಾರು ವರ್ಷ ಈ ದೋಣಿಯಲ್ಲಿ;
ಓದುವವರು ಒಬ್ಬೊಬ್ಬರೇ ಓದುತ್ತಾರೆಂದು
ನನಗೆ ಯಾರು ಹೇಳಿಕೊಟ್ಟರು?
ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ:
ಆ ದೂರು ಹೇಳಿದವರು
ಒಂದೇ ದೀಪದಡಿ ಇಬ್ಬರನ್ನೂ ಕೂರಿಸಿ ನೋಡಿರಲಿಕ್ಕಿಲ್ಲ.

ಇಳಿತ ಶುರುವಾಗಿತ್ತು. ಎಲಾದಿಯೊ ಹಗ್ಗ ಬಿಚ್ಚಿದ.
ರಿಜಿಸ್ಟರಿನಲ್ಲಿ ಹೆಸರಿನ ಮುಂದೆ 'ಮಟ್ಟ' ಎಂಬ ಕಲಮು ಇದೆ,
ಕಚೇರಿಯವರು ವರ್ಷಕ್ಕೊಮ್ಮೆ ಕೂಡಿಸುತ್ತಾರೆ.
'ಎಂಟು ಬೆರಳು' ಎಂದು ಬರೆದೆ. ಕೂಡಿಸಿಕೊಳ್ಳಲಿ.

ಆಲೂಗಡ್ಡೆಯ ಚೀಲದೊಳಗೆ ತಿಮಿಂಗಿಲವನ್ನಿಟ್ಟು
ಕೆಸರಿನ ದಿಬ್ಬ ಹತ್ತುತ್ತಿದ್ದಳು.
ಬಾತುಕೋಳಿಯೂ ಕಪಾಟಿನಲ್ಲಿ ಇರಲಿಲ್ಲ.
ಕೂಗಿ ಕೇಳಿದೆ, ಯಾಕೆ ಎಂದು.
'ತಮ್ಮನಿಗೆ' ಅಂದಳೋ, 'ಸುಮ್ಮನೆ' ಅಂದಳೋ,
ಎಂಜಿನ್ನಿನ ಸದ್ದಿಗೆ ತಿಳಿಯಲಿಲ್ಲ.