ತಿಳಿ

ಒಂಬತ್ತು ದಿನದಿಂದ ತಿಸಾ ನದಿ ಒಡ್ಡಿಗೆ ಒರಗಿ ನಿಂತಿದೆ.
ಆತುರವಿಲ್ಲ ಅದಕ್ಕೆ.
ಆಚೆ, ಪಾಪ್ಲರ್ ಮರಗಳ ಸೊಂಟದವರೆಗೆ ನೀರು;
ಈಚೆ, ನೀರಿಗಿಂತ ಎರಡಾಳು ತಗ್ಗಿನಲ್ಲಿ
ಊರಿನ ಹಾಸಿಗೆಗಳು, ಹಂದಿಗೂಡುಗಳು,
ಒಗೆದು ಒಣಹಾಕಿ ಮರೆತ ಒಂದು ಕೆಂಪು ಅಂಗಿ.
ನಡುವೆ ನಾವು: ಟಾರ್ಚು, ಸಲಿಕೆ,
ಎತೆಲ್ಕಾಳ ಖಾಲಿ ಜ್ಯಾಮ್ ಸೀಸೆ.

ಒಡ್ಡು ಕಾಯುವ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು.
ಮೊದಲ ದಿನವೇ ಅಂದಿದ್ದಳು:
ಮಣ್ಣಲ್ಲವೇ, ಕುಡಿಯುತ್ತದೆ.
ಕುಡಿದದ್ದನ್ನು ಬಸಿಯಲು ಬಿಡಬೇಕು.
ಒಸರಿಗೆ ಹೆದರಬೇಡ,
ಒಸರಿನ ಬಣ್ಣಕ್ಕೆ ಹೆದರು.

ಹೊಸ ಒಡ್ಡಿನ ಬುಡಕ್ಕೆ
ಮರಳು, ಸಣ್ಣ ಜಲ್ಲಿ, ದಪ್ಪ ಜಲ್ಲಿ ಹಾಸಿದ್ದಾರೆ,
ಒಂದರ ಹಲ್ಲುಸಂದಿಯಲ್ಲಿ ಇನ್ನೊಂದು ಸಿಕ್ಕುವಂತೆ.
ನೀರು ಜಾರಿಹೋಗುತ್ತದೆ, ಮಣ್ಣು ಉಳಿಯುತ್ತದೆ.
ಪಂಪುಮನೆಯ ತಿರುವಿನಲ್ಲಿ ಮಾತ್ರ ಹಳೆಯದೇ ಒಡ್ಡು.
ಅದರ ಹೊಟ್ಟೆಯಡಿ ನದಿ ಬಿಟ್ಟುಹೋದ ಹಾದಿಯ ಮರಳು.
ಮುತ್ತಜ್ಜಂದಿರು ಕೈಗಾಡಿಯಲ್ಲಿ ಮಣ್ಣು ಹೊತ್ತು ಸುರಿದರು,
ಮರಳನ್ನು ತೆಗೆಯಲಿಲ್ಲ.
ಕೂಲಿ ಸಿಕ್ಕಿದ್ದು ಎತ್ತರಕ್ಕೆ, ಆಳಕ್ಕಲ್ಲ.

ರಾತ್ರಿ ಎರಡಕ್ಕೆ ಬೊತೊಂಡ್ ಕೂಗಿದ.
ಬೀಟ್ರೂಟ್ ಹೊಲದಲ್ಲಿ, ಬುಡದಿಂದ ಹನ್ನೆರಡು ಹೆಜ್ಜೆ ದೂರ,
ಗಂಜಿಯಂತೆ ಕುದಿಯುತ್ತಿತ್ತು ನೆಲ,
ತಣ್ಣಗೆ.
ಸುತ್ತ ಇರುವೆಗೂಡಿನಂಥ ಮರಳ ದಿಬ್ಬ,
ನೆತ್ತಿಯಲ್ಲಿ ಬಾಯಿ.

ಹತ್ತೊಂಬತ್ತರ ಹುಡುಗ, ಬೇಕರಿಯವನು,
ಬಾಯಿಯ ಮೇಲೇ ಚೀಲ ಎಸೆದ, ಇನ್ನೊಂದು ಎಸೆದ.
ಎತೆಲ್ಕಾ ಅವನ ಕೊರಳಪಟ್ಟಿ ಹಿಡಿದೆಳೆದಳು.
ಇಲ್ಲಿ ಬಾಯಿ ಕಟ್ಟಿದರೆ
ಒಡ್ಡಿನ ಬೆನ್ನಲ್ಲಿ ತೆರೆಯುತ್ತೆ ಕಣೋ!
ಸುತ್ತ ಕಟ್ಟು, ಬಾವಿಕಟ್ಟೆಯ ಹಾಗೆ.
ಒಳಗೆ ನೀರು ಏರಲಿ,
ಏರಿದ ನೀರೇ ಏರುವ ನೀರನ್ನು ಒತ್ತಿ ಹಿಡಿಯಲಿ.

ನೋಟರಿ, ಇಬ್ಬರು ನರ್ಸುಗಳು,
ಗಡಿಯಾಚೆಯಿಂದ ಸೇಬು ಕೀಳಲು ಬಂದವರು—
ಕೈಯಿಂದ ಕೈಗೆ ಚೀಲ.
ಬೊತೊಂಡ್ ಮಂಡಿಯೂರಿ
ರೊಟ್ಟಿಹಿಟ್ಟಿನ ಅಂಚು ಮಡಿಸುವಂತೆ
ಒಂದೊಂದರ ಬಾಯಿಯನ್ನೂ ಒಳಕ್ಕೆ ಮಡಿಸಿಟ್ಟ.
ಮೊಣಕಾಲೆತ್ತರ. ಒಂದು ಕಡೆ ಹೊರಹೋಗಲು ಕೊಳವೆ.

ಅವಳು ಸೀಸೆ ಅದ್ದಿದಳು, ಟಾರ್ಚಿಗೆ ಹಿಡಿದಳು.
ಕದಡು.
ಕಾದಳು. ತಳದಲ್ಲಿ ಬೆರಳುಗುರಿನಷ್ಟು ಬೂದು.
ನಮ್ಮ ಒಡ್ಡು ಇದು, ಅಂದಳು,
ಚೂರು ಚೂರೇ ಎದ್ದುಹೋಗುತ್ತಿದೆ.
ಇನ್ನೆರಡು ವರಸೆ ಚೀಲ.
ಮತ್ತೆ ಸೀಸೆ. ಗೆರೆಯಷ್ಟು ಬೂದು.
ಇನ್ನೊಂದು ವರಸೆ.
ಯಾರೋ ಥರ್ಮಾಸಿನ ಚಹಾ ತಂದರು, ಯಾರೂ ಕುಡಿಯಲಿಲ್ಲ.
ಊರಿನಲ್ಲೊಂದು ನಾಯಿ ಬೊಗಳಿ, ಬೇಸತ್ತು, ಸುಮ್ಮನಾಯಿತು.

ಬೆಳಗಾಗುವಾಗ ಸೀಸೆಯೊಳಗೆ
ಅವಳ ಹೆಬ್ಬೆರಳು ಕಾಣುತ್ತಿತ್ತು, ಗೆರೆಗೆರೆಯೂ.
ಕೊಳವೆಯಿಂದ ನೀರು ಹೋಗುತ್ತಲೇ ಇತ್ತು,
ಬರಿಗೈಯಲ್ಲಿ.
ಲೆಡ್ಜರಿನಲ್ಲಿ ಅವಳು ಬರೆದದ್ದು ಇಷ್ಟೇ:
ಒಸರು ಇದೆ. ತಿಳಿ.
ಎರಡನೆಯದು ವರದಿಯೋ, ನನಗಿತ್ತ ಅಪ್ಪಣೆಯೋ—
ಕೇಳಲಿಲ್ಲ ನಾನು.

ಆಗಸ್ಟಿನಲ್ಲಿ ಅವಳ ಜಗಲಿಗೆ ಹೋದೆ.
ಬೊತೊಂಡ್ ಬಿಸಿ ರೊಟ್ಟಿ ತಂದಿದ್ದ.
ಅದೇ ಸೀಸೆ, ಈಗ ಪ್ಲಮ್ ಜ್ಯಾಮ್ ತುಂಬಿ.
ಮೂರನೆಯ ತುತ್ತಿಗೆ
ಹಲ್ಲಿನಡಿ ಒಂದು ಕಣ ಮರಳು ಕರ್ ಎಂದಿತು.
ಅವಳು ನನ್ನ ಮುಖ ನೋಡುತ್ತಿದ್ದಳು.
ಉಗುಳಲಿಲ್ಲ.