ಒರ್ತೆನ್ಸಿಯಾಳ ಪಿಯಾನೊ

ವಾಲ್ಪರೈಸೊದ ಗುಡ್ಡದ ಮೇಲೆ, ತಗಡಿನ ಮನೆಯಲ್ಲಿ
ಶ್ರುತಿ ಮಾಡುವ ಎಲಿಸೆಯೊ
ಪಿಯಾನೊದ ಹೊಟ್ಟೆ ತೆರೆದು ಕೂತಿದ್ದಾನೆ.
ಮೊಬೈಲಿನ ಮುಳ್ಳು ಹಸಿರಾಯಿತು: ಸರಿಯಿದೆ.
‘ಇಲ್ಲ’ ಎಂದಳು ಒರ್ತೆನ್ಸಿಯಾ ಅಡುಗೆಮನೆಯಿಂದ,
ಈರುಳ್ಳಿ ಹೆಚ್ಚುವುದನ್ನೂ ನಿಲ್ಲಿಸದೆ.

ಅಷ್ಟರಲ್ಲಿ ಮುಚ್ಚಳದ ಮೇಲಿದ್ದ ಮೊಬೈಲು ಗುರ್ರೆಂದಿತು.
ಯಾರೋ ಯಾರದೋ ಊಟದ ಚಿತ್ರ ಮೆಚ್ಚಿದ್ದಕ್ಕೆ
ಇನ್ನೂರು ಚಿಲ್ಲರೆ ತಂತಿಗಳೂ ಒಳಗೊಳಗೇ ನಡುಗಿದವು.
ಅವನಿಗೆ ನಾಚಿಕೆಯಾಯಿತು.
ನನ್ನೊಳಗೂ ಹೀಗೇ ಅಲ್ಲವೆ, ದಿನಕ್ಕೆ ಎಷ್ಟು ಸಲ?

ಆರಿಸಿ, ಅವಳ ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಬಂದ.

ಮೊದಲು ಕೇಳಿದ್ದು ತನ್ನದೇ ಹೊಟ್ಟೆ. ಆಮೇಲೆ ನಲ್ಲಿ.
ಕೆಳಗೆ ಬಂದರಿನ ಕ್ರೇನು.
ಬರಿಯ ಜೇಬು ಎರಡು ಸಲ ಸುಳ್ಳೇ ಗುರ್ರೆಂದಿತು,
ಕೈ ಹೋಗಿ ಬಂತು.

ಒಂದೇ ಸ್ವರದ ಎರಡು ತಂತಿ, ನಡುವೆ ಒಂದು ಅಲೆ:
ವೋಂ ವೋಂ ವೋಂ ವೋಂ
ಎರಡು ವರ್ಷವಾಗಿತ್ತು ಇದನ್ನು ಕೇಳಿ.
ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದ.
ವೋಂ... ವೋಂ...
ಇನ್ನೊಂದಿಷ್ಟು. ಕಿವಿಯೇ ಕೈಯಾಗಿ, ಉಸಿರು ಬಿಡದೆ

ವೋಂ

ಅಡುಗೆಮನೆಯಲ್ಲಿ ಚಾಕು ನಿಂತಿತು.